ತೊಳೆಯದೆ ಬಿಟ್ಟ ಕಪ್ಪು

ನಮ್ಮ ಹಿತ್ತಲ ಗೋಡೆಯ ಆಚೆ, ಬಾವಿಯ ಪಕ್ಕದಲ್ಲಿ, ತಗಡು ಹೊದಿಸಿದ ಒಂದು ಗೂಡಿತ್ತು. ಸಂಜೆ ನಾಲ್ಕೂವರೆ ಆಯಿತೆಂದರೆ ಅಲ್ಲಿಂದ ಹದ ಮಾಡಿದ ಚರ್ಮದ ವಾಸನೆ, ಹುಳಿತ ಬೆಲ್ಲದ ವಾಸನೆ, ಮರದ ಸುತ್ತಿಗೆಯ ಟಕ್ ಟಕ್ ಸದ್ದು ಎಲ್ಲವೂ ಗೋಡೆ ದಾಟಿ ಬರುತ್ತಿದ್ದವು. ಅದು ಜಯಸಿಂಹ ಅವರ ಗೂಡು. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿಗೆ ಹತ್ತಿರದಲ್ಲಿ, ರಾಗಿ ಹೊಲವನ್ನು ಸೈಟು ಮಾಡಿ ಮಾರಿದ ಜಾಗದಲ್ಲಿ, ಆಗ ಇದ್ದದ್ದೇ ಏಳೆಂಟು ಮನೆ. ಅವರ ಹೆಂಡತಿ ಊರ್ಮಿಳಾ ಮತ್ತು ನಾನು ಶನಿವಾರ ಒಟ್ಟಿಗೆ ಆಂಜನೇಯನ ಗುಡಿಗೆ ಹೋಗುತ್ತಿದ್ದೆವು. ಈ ಸಂಗತಿಯಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಉಳಿದದ್ದು ಊರ್ಮಿಳಾ ಹೇಳಿದ್ದು, ಅದೇ ಊರಿನ ಚಿಕ್ಕಮುನಿಯಮ್ಮ ಹೇಳಿದ್ದು, ಬಹಳ ವರ್ಷಗಳ ಮೇಲೆ ಜಯಸಿಂಹ ಅವರೇ ಹೇಳಿದ್ದು.

ಜಯಸಿಂಹ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಕೆಲಸದವರು. ಕೂದಲೆಳೆಯ ದಪ್ಪವನ್ನು ಹತ್ತು ಭಾಗ ಮಾಡಿ ಅಳೆಯುವ ಕೆಲಸ. ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ ಹೋದರೆ ಸಂಜೆ ಬಂದು, ಕಾಫಿ ಕುಡಿದು, ಪಂಚೆ ಎತ್ತಿ ಕಟ್ಟಿಕೊಂಡು ಗೂಡಿಗೆ ಇಳಿಯುತ್ತಿದ್ದರು. ಅಲ್ಲಿ ಸೊಂಟದ ಬೆಲ್ಟು ಮಾಡುತ್ತಿದ್ದರು. ಯಾರಿಗೂ ಮಾರಲಿಕ್ಕಲ್ಲ. ಒಂದು ಬೆಲ್ಟಿಗೆ ಎರಡು ತಿಂಗಳಾದರೂ ಆಯಿತು, ಮೂರಾದರೂ ಆಯಿತು. ಮುಗಿದ ಮೇಲೆ ಯಾರ ಸೊಂಟಕ್ಕೆ ಸರಿಹೋಗುತ್ತದೋ ಅವರಿಗೆ ಕೊಟ್ಟುಬಿಡುವುದು. ಕಾರ್ಖಾನೆಯಲ್ಲಿ ಅವರನ್ನು "ಬೆಲ್ಟಾಚಾರ್ರು" ಎಂದು ಕರೆಯುತ್ತಿದ್ದರು. ಅವರು ನಗುತ್ತಿದ್ದರು. ಊರ್ಮಿಳಾಗೆ ಮಾತ್ರ ಅದು ಮುಳ್ಳಿನಂತೆ ಚುಚ್ಚುತ್ತಿತ್ತು.

ಮಡಿ ಹುಡಿಯ ಮನೆ ಅದು. ಚರ್ಮ ಹೊಸ್ತಿಲು ದಾಟಿ ಒಳಗೆ ಬರುವ ಮಾತೇ ಇಲ್ಲ. ಗೂಡಿನ ಕೆಲಸ ಮುಗಿದ ಮೇಲೆ ಬಾವಿಕಟ್ಟೆಯಲ್ಲಿ ಎರಡು ಬಕೆಟ್ ನೀರು ತಲೆಯ ಮೇಲೆ ಸುರಿದುಕೊಂಡೇ ಅವರು ಒಳಗೆ ಬರಬೇಕು. ಚಳಿಗಾಲದಲ್ಲೂ ಅಷ್ಟೆ. ಊರ್ಮಿಳಾ ಬಕೆಟ್ ತುಂಬಿಟ್ಟು, "ತಪಸ್ಸು ಮುಗೀತೇನ್ರೀ? ಋಷಿಗಳು ಈಗ ಊಟಕ್ಕೆ ಬರಬಹುದಾ?" ಎಂದು ಕೂಗುತ್ತಿದ್ದರು. ಆದರೆ ಇದೇ ಊರ್ಮಿಳಾ, ಚರ್ಮ ತೊಳೆಯಲು ಗಂಡ ಅಡುಗೆ ಸೋಡಾ ಕೇಳಿದಾಗೆಲ್ಲ ಡಬ್ಬಿಯನ್ನು ಹೊರಗೆ ತಂದಿಡುತ್ತಿದ್ದರು.

ಈ ಕೆಲಸವನ್ನು ಅವರಿಗೆ ಕಲಿಸಿದವರು ಪೀಣ್ಯದ ಬಸ್ ಸ್ಟಾಪಿನ ಮರದಡಿ ಚಪ್ಪಲಿ ಹೊಲಿಯುತ್ತಿದ್ದ ನಲ್ಲಪ್ಪ. ಚಿಕ್ಕ ವಯಸ್ಸಿನಲ್ಲಿ ದಂಡಿನ ಕುದುರೆಗಳಿಗೆ ಜೀನು ಹೊಲಿದಿದ್ದ ಕೈ. ಬಸ್ಸಿಗೆ ಕಾಯುತ್ತ ನಿಂತಿದ್ದ ಜಯಸಿಂಹ ಒಂದು ದಿನ ಆ ಹೊಲಿಗೆಯನ್ನು ಬಗ್ಗಿ ನೋಡಿದರು, ಅಷ್ಟೇ, ಮರುಳಾದರು. ಒಂದೇ ದಾರಕ್ಕೆ ಎರಡು ತುದಿಯಲ್ಲಿ ಎರಡು ಸೂಜಿ. ದಬ್ಬಳದಿಂದ ತೂತು ಮಾಡಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಸೂಜಿ ದಾಟಿಸಿ, ಎರಡೂ ಕೈಯಲ್ಲಿ ಒಟ್ಟಿಗೆ ಎಳೆಯಬೇಕು. ಒಂದು ಕಡೆ ದಾರ ಕಿತ್ತರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ದಾರಕ್ಕೆ ಜೇನುಮೇಣ. ಎರಡು ಪದರ ಅಂಟಿಸಲು ಹುಣಸೆಬೀಜದ ಅಂಟು. ಅಂಚನ್ನು ನೀರು ಹಚ್ಚಿ ಹಚ್ಚಿ ಮರದ ತುಂಡಿನಿಂದ ಉಜ್ಜಿದರೆ, ಎಲ್ಲಿ ಎರಡು ಚರ್ಮ ಸೇರಿವೆ ಎಂದು ಉಗುರಿಗೂ ತಿಳಿಯಬಾರದು.

ಕಪ್ಪು ಬಣ್ಣ ಅಂಗಡಿಯದಲ್ಲ. ಬೆಲ್ಲದ ನೀರಿಗೆ ಕಬ್ಬಿಣದ ಚೂರು ಹಾಕಿ ಮಡಕೆಯಲ್ಲಿ ಮೂರು ವಾರ ಕೊಳೆಸುವುದು. ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಕಂದು ಚರ್ಮಕ್ಕೆ ಅದನ್ನು ಬಳಿದರೆ ನೋಡನೋಡುತ್ತ ಕಪ್ಪಾಗುತ್ತದೆ, ಮೇಲೆ ಬಳಿದ ಬಣ್ಣದಂತಲ್ಲ, ಚರ್ಮವೇ ಹುಟ್ಟುಗಪ್ಪು ಎಂಬಂತೆ. ಆದರೆ ನಲ್ಲಪ್ಪ ಒಂದು ಮಾತನ್ನು ಹತ್ತು ಸಲ ಹೇಳಿದ್ದರು. "ಬಳಿದ ದಿನಾನೇ ಸೋಡಾ ನೀರಾಗೆ ತೊಳ್ದುಬುಡ್ಬೇಕು ಸಾಮಿ. ಹುಳಿ ಒಳೀಕ್ ಕುಂತ್ಕೊಂಡ್ರೆ ಮೊದ್ಲು ದಾರ ತಿಂತದೆ, ಆಮ್ಯಾಕೆ ಕಬ್ಣ ತಿಂತದೆ."

ನಲ್ಲಪ್ಪ ತೀರಿಕೊಂಡು ಎರಡು ವರ್ಷದ ಮೇಲೆ ಚಿಕ್ಕಬೈರಪ್ಪ ಬಂದರು.

ಬೈರಪ್ಪ ಚಿಕ್ಕಬಾಣಾವರದವರೇ, ಮಿಲಿಟರಿಯಲ್ಲಿ ಹವಾಲ್ದಾರಾಗಿ ನಿವೃತ್ತರಾದವರು. ಅವರ ಹತ್ತಿರ ಲೈಸೆನ್ಸಿನ ಸ್ವಂತ ರಿವಾಲ್ವರ್ ಇತ್ತು. ಅದು ಇದ್ದದ್ದರಿಂದಲೇ ಪೀಣ್ಯದ ಒಂದು ಖಾಸಗಿ ಕಂಪನಿಯಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿತ್ತು. ಸೊಂಟದಲ್ಲಿ ಕ್ಯಾನ್ವಾಸಿನ ಹಳೆಯ ಚೀಲ, ಅದರ ಬಾಯಿಗೆ ಸೇಫ್ಟಿ ಪಿನ್ನು. ಬಸ್ ಸ್ಟಾಪಿನಲ್ಲಿ ಯಾರದೋ ಬೆಲ್ಟು ನೋಡಿ, ಮಾಡಿದವರನ್ನು ಕೇಳಿಕೊಂಡು ಗೂಡಿನವರೆಗೂ ಬಂದಿದ್ದರು.

"ಸಾಮಿ, ಇಂಗೇ ಒಂದು ಚೀಲ ಆಗ್ತದಾ? ಈ ಪಿನ್ನಾಕ್ಕೊಂಡ್ ನಿಂತ್ರೆ ಕಂಪ್ನಿ ಹುಡುಗ್ರು ನಗ್ತಾರೆ. ಏನ್ ಹವಾಲ್ದಾರ್ರೇ, ಮಗೀನ್ ಚಡ್ಡಿಗಾಕಿದಂಗ್ ಆಕಿದ್ದೀರಾ ಅಂತಾರೆ."

ಜಯಸಿಂಹ ಅಲ್ಲಿಯವರೆಗೆ ರಿವಾಲ್ವರ್ ಚೀಲ ಮಾಡಿರಲಿಲ್ಲ. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವಂತೆ, ಸಂತೋಷಕ್ಕೆ. ಗುಂಡು ತೆಗೆದ ರಿವಾಲ್ವರನ್ನು ಬೈರಪ್ಪ ಎರಡು ಭಾನುವಾರ ತಂದು ತೋರಿಸಿದರು. ಜಯಸಿಂಹ ಅಳತೆ ತೆಗೆದು ಮತ್ತಿಮರದಲ್ಲಿ ಅದರ ಪಡಿಯಚ್ಚು ಕೆತ್ತಿದರು. ಚರ್ಮವನ್ನು ನೆನೆಸಿ, ಆ ಮರದ ರಿವಾಲ್ವರಿನ ಮೇಲೆ ಹೊದಿಸಿ, ಬೆರಳಿನಿಂದ ಒತ್ತಿ ಒತ್ತಿ, ಅದರ ಏರು ತಗ್ಗು ಎಲ್ಲ ಚರ್ಮದಲ್ಲಿ ಮೂಡುವಂತೆ ಒಣಗಿಸಿದರು. ಹಿಂದೆ ಬೆಲ್ಟು ತೂರಲು ಅಗಲವಾದ ಪಟ್ಟಿ, ಅದಕ್ಕೆ ಎರಡು ಸಾಲು ಹೊಲಿಗೆ. ನಾಲ್ಕು ತಿಂಗಳು ಹಿಡಿಯಿತು. ಅದರ ಜೊತೆಗೆ ಗೆಳೆತನವೂ ಬೆಳೆಯಿತು. ಬೈರಪ್ಪ ಬಾವಿಕಟ್ಟೆಯ ಮೇಲೆ ಕೂತು ಗಡಿಯ ಹಿಮದ ಕತೆ ಹೇಳುವುದು, ಇವರು ತಲೆ ಎತ್ತದೆ ಅಂಚು ಉಜ್ಜುವುದು.

ಆಯುಧಪೂಜೆಯ ಹಿಂದಿನ ದಿನ ಹೊಲಿಗೆ ಮುಗಿದಿತ್ತು. ಪೂಜೆಯ ದಿನ ಬೆಳಿಗ್ಗೆ ಎದ್ದವರೇ ಸ್ನಾನಕ್ಕೂ ಮೊದಲು ಗೂಡಿಗೆ ಹೋಗಿ ಕಪ್ಪು ಬಳಿದರು. ಸಂಜೆ ಸೋಡಾ ನೀರಿನಲ್ಲಿ ತೊಳೆಯುವುದೆಂದು ಅವರ ಲೆಕ್ಕ. ಆದರೆ ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಊರ್ಮಿಳಾ ಗೂಡಿನ ಸಾಮಾನನ್ನೆಲ್ಲ ಬಾವಿಯ ನೀರಿನಲ್ಲಿ ತೊಳೆದು, ಹಲಗೆಯ ಮೇಲೆ ಸಾಲಾಗಿಟ್ಟು, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದ್ದರು. ದಬ್ಬಳ, ಉಳಿ, ಸುತ್ತಿಗೆ, ಬ್ರಷ್ಷು, ಕೊನೆಗೆ ಚರ್ಮ ತೊಳೆಯುವ ಎನಾಮಲ್ ಬೋಗುಣಿಗೂ ಕುಂಕುಮ. ವರ್ಷವಿಡೀ ಮುಟ್ಟದ ವಸ್ತುಗಳನ್ನು ಅವರು ಮುಟ್ಟುತ್ತಿದ್ದುದು ಆ ಒಂದು ದಿನ ಮಾತ್ರ.

ಮಧ್ಯಾಹ್ನ ಬೈರಪ್ಪ ಸೈಕಲ್ಲಿನಲ್ಲಿ ಬಂದರು. ಕಂಪನಿಯಲ್ಲಿ ಮೂರು ಗಂಟೆಗೆ ಪೂಜೆ. ಮೆಷಿನ್ನು, ಲಾರಿ, ಎಲ್ಲದರ ಜೊತೆಗೆ ರಿವಾಲ್ವರಿಗೂ ಪೂಜೆ. ಹೊಸ ಚೀಲದಲ್ಲಿ ಇಟ್ಟೇ ಪೂಜೆಯಾಗಬೇಕೆಂದು ಅವರ ಆಸೆ.

"ಇನ್ನೂ ಒಂದು ಕೆಲಸ ಇದೆ ಬೈರಪ್ಪ, ತೊಳೀಬೇಕು" ಎಂದು ಜಯಸಿಂಹ ಬೋಗುಣಿಗೆ ಕೈಹಾಕಲು ಹೋದರು.

ಊರ್ಮಿಳಾ ಹಿಂದಿನ ಬಾಗಿಲಿನಿಂದಲೇ, "ಅಯ್ಯೋ, ಪೂಜೆಗಿಟ್ಟಿದ್ದು ಕಣ್ರೀ! ನಾಳೆ ತೆಗೆಯೋ ತನಕ ಮುಟ್ಟೋ ಹಾಗಿಲ್ಲ. ಒಂದು ದಿನ ಆ ಆಯುಧಗಳಿಗೂ ರಜಾ ಕೊಡಬಾರದಾ?" ಎಂದರು.

ಬೈರಪ್ಪ ಚೀಲವನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. "ಇನ್ನೇನ್ ಕೆಲ್ಸ ಸಾಮಿ? ಮಕ ಕಾಣ್ತದೆ ಇದ್ರಾಗೆ."

ಜಯಸಿಂಹ ಒಂದು ಕ್ಷಣ ಬೋಗುಣಿಯ ಕುಂಕುಮ ನೋಡಿದರು, ಒಂದು ಕ್ಷಣ ಬೈರಪ್ಪನವರ ಮುಖ ನೋಡಿದರು. "ಹಬ್ಬ ಆದ ಮೇಲೆ ತಂದುಕೊಡು" ಎಂದು ಕೊಟ್ಟು ಕಳಿಸಿದರು.

ಹಬ್ಬ ಆಯಿತು. ಬೈರಪ್ಪ ತರಲಿಲ್ಲ. ಕೇಳಿದರೆ ನಾಲಿಗೆ ಕಚ್ಚಿಕೊಂಡರು. "ಪೂಜೆ ಆಗಿರೋದು ಸಾಮಿ. ಕುಂಕ್ಮ ಇಟ್ಟವ್ರೆ, ಆರತಿ ಆಗದೆ. ಅದ್ನ ನೀರಿಗಾಕ್ತೀರಾ?" ಎರಡು ಸಲ ಕೇಳಿ ಜಯಸಿಂಹ ಸುಮ್ಮನಾದರು. ಬಸ್ಸಿನಲ್ಲಿ ಜನ ಆ ಚೀಲವನ್ನು ಕಣ್ಣರಳಿಸಿ ನೋಡುತ್ತಿದ್ದರಂತೆ. ಒಬ್ಬ ಪೊಲೀಸ್ ಅಧಿಕಾರಿ, ಎಲ್ಲಿ ಮಾಡಿಸಿದೆ ಎಂದು ಕೇಳಿದ್ದರಂತೆ. ಆ ಸುದ್ದಿ ಕೇಳಿದ ಸಂಜೆ ಜಯಸಿಂಹ ಊಟಕ್ಕೆ ಕೂತವರು ಅದನ್ನು ಊರ್ಮಿಳಾಗೆ ಮೂರು ಸಲ ಹೇಳಿದರಂತೆ.

ಬೇಸಿಗೆಯಲ್ಲಿ ಬೈರಪ್ಪ ಒಮ್ಮೆ, "ಸಾಮಿ, ನಿಮ್ ಚೀಲದಾಗಿಟ್ರೆ ನಳಿಗೆಗೆ ತುಕ್ಕು ಇಡೀತದೆ" ಎಂದರು. ಜಯಸಿಂಹ, "ಎಣ್ಣೆ ಹಾಕು, ನಿನಗೆ ವಯಸ್ಸಾಯ್ತು, ಸೋಮಾರಿ ಆಗಿದೀಯ" ಎಂದು ನಕ್ಕರು. ನಲ್ಲಪ್ಪನವರ ಮಾತು ಆಗ ಮನಸ್ಸಿನ ಬಾಗಿಲಿಗೆ ಬಂದು ನಿಂತಿತ್ತು ಎಂದು ಅವರೇ ನನಗೆ ಹೇಳಿದರು. ಬಾಗಿಲು ತೆಗೆಯಲಿಲ್ಲ, ಅಷ್ಟೆ.

ಎಂಬತ್ತೆರಡನೆಯ ಇಸವಿ, ಆಷಾಢದ ಜಡಿಮಳೆ. ರಾತ್ರಿ ಪಾಳಿ ಮುಗಿಸಿ ಬೈರಪ್ಪ ಬೆಳಿಗ್ಗೆ ಸೈಕಲ್ಲಿನಲ್ಲಿ ಪೀಣ್ಯದಿಂದ ಮನೆಗೆ ಬರುತ್ತಿದ್ದರು. ಮೇಲೆ ದಪ್ಪ ಮಳೆಕೋಟು. ಮನೆಗೆ ಬಂದು ಕೋಟು ಬಿಚ್ಚಿದರೆ ಸೊಂಟದಲ್ಲಿ ಬೆಲ್ಟು ಇತ್ತು, ಬೆಲ್ಟಿನಲ್ಲಿ ಪಟ್ಟಿ ಇತ್ತು. ಚೀಲ ಇರಲಿಲ್ಲ. ರಿವಾಲ್ವರ್ ಇರಲಿಲ್ಲ.

ಏಳು ಗಂಟೆಗೆ ಅವರು ಜಯಸಿಂಹ ಅವರ ಗೇಟಿನಲ್ಲಿ ನಿಂತಿದ್ದರು. ನಾನು ರಂಗೋಲಿ ಹಾಕಲು ಹೊರಗೆ ಬಂದವಳು ಆ ಮುಖ ನೋಡಿ ಹಾಗೇ ನಿಂತೆ.

"ಬಿದ್ದೋಗದೆ ಸಾಮಿ. ಎಲ್ ಬಿತ್ತೋ ಗೊತ್ತಿಲ್ಲ. ಆರ್ ಗುಂಡು ಅವೆ ಅದ್ರಾಗೆ."

ಜಯಸಿಂಹ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಹೊಲಿಗೆಯ ತೂತುಗಳೆಲ್ಲ ಸರಿಯಾಗಿದ್ದವು. ದಾರ ಮಾತ್ರ ತೂತಿನೊಳಗೆ ಸುಟ್ಟ ಬತ್ತಿಯ ಹಾಗೆ ಕೂತಿತ್ತು. ಉಗುರು ತಾಗಿಸಿದರೆ ಪುಡಿಯಾಯಿತು. ಎರಡು ಸಾಲೂ ಹಾಗೇ. ಅವರಿಗೆ ಎಲ್ಲವೂ ತಿಳಿಯಿತು.

"ದಾರ ಯಾಕ್ ಇಂಗಾಯ್ತು ಸಾಮಿ?"

"ಮಳೇಲಿ ನೆಂದಿರಬೇಕು" ಎಂದರು ಜಯಸಿಂಹ.

ಅವತ್ತು ಅವರು ಕಾರ್ಖಾನೆಗೆ ಹೋಗಲಿಲ್ಲ. ಇಬ್ಬರೂ ಪೀಣ್ಯದವರೆಗಿನ ಐದು ಮೈಲಿಯನ್ನು ಅಡಿ ಅಡಿಯಾಗಿ ಹುಡುಕಿದರು. ರಸ್ತೆಯ ಎರಡೂ ಕಡೆ ಕೆಂಪು ನೀರು ಹರಿಯುವ ಕಾಲುವೆ, ಕೆರೆ ಏರಿ, ಮೊಣಕಾಲೆತ್ತರದ ಹುಲ್ಲು. ಕೋಲಿನಿಂದ ಕೆಸರು ತಿವಿದರು. ಕೈಯಿಂದ ಕಲಕಿದರು. ಎದುರು ಬಂದವರು "ಏನ್ ಕಳ್ಕೊಂಡ್ರಣ್ಣಾ?" ಎಂದರೆ ಏನೆಂದು ಹೇಳುವುದು? "ಬೀಗದ ಕೈ" ಎಂದರು ಬೈರಪ್ಪ. ಮಧ್ಯಾಹ್ನದ ಹೊತ್ತಿಗೆ ಅವರು ಕೋಲು ಕೆಳಗಿಟ್ಟರು. "ಯಾವನಾದ್ರೂ ಎತ್ಕೊಂಡು ಯಾರಿಗಾದ್ರೂ ಒಡುದ್ರೆ ಸಾಮಿ? ನಂಬರ್ ನಂದು." ಇನ್ನು ತಡಮಾಡಬಾರದೆಂದು ಬೈರಪ್ಪ ತಾವೇ ಆ ಪಟ್ಟಿ ಹಿಡಿದುಕೊಂಡು ಠಾಣೆಗೆ ಹೋಗಿ ಹೇಳಿದರು.

ಠಾಣೆಯವರು ಅವರನ್ನು ವಾಪಸ್ಸು ಕಳಿಸಲಿಲ್ಲ.

ಬಿದ್ದುಹೋಯಿತು ಎಂಬುದನ್ನು ಇನ್ಸ್‌ಪೆಕ್ಟರು ನಂಬಲಿಲ್ಲ. ಒಂಬತ್ತು ತಿಂಗಳ ಹೊಸ ಚೀಲ, ಎರಡು ಸಾಲು ಹೊಲಿಗೆ, ಅದು ಹೇಗೆ ತಾನಾಗಿ ಕಳಚಿ ಬೀಳುತ್ತದೆ? ನೀನೇ ಬಿಚ್ಚಿದ್ದೀಯ, ಯಾರಿಗೆ ಮಾರಿದೆ ಹೇಳು. ಎಲ್ಲ ಪ್ರಶ್ನೆಯೂ ಅದೊಂದೇ. ಯಾರಿಗೆ ಮಾರಿದೆ. ಉತ್ತರ ಇದ್ದದ್ದು ಜಯಸಿಂಹ ಅವರ ಹತ್ತಿರ, ಆ ಕೊಳೆತ ದಾರದಲ್ಲಿ.

ಮರುದಿನ ಬೆಳಿಗ್ಗೆ ಬೈರಪ್ಪನವರ ಹೆಂಡತಿ ಚಿಕ್ಕಮುನಿಯಮ್ಮ ಬಂದು ಜಯಸಿಂಹ ಅವರ ಮೆಟ್ಟಿಲ ಮೇಲೆ ಕೂತರು. ಒಳಗೆ ಕರೆದರೂ ಹೋಗಲಿಲ್ಲ.

"ನೀವು ಓದ್ದೋರು ಬುದ್ಧಿ. ಗೌರ್ಮೆಂಟ್ ಕೆಲ್ಸದೋರು. ನೀವೊಂದು ಮಾತು ಯೋಳಿದ್ರೆ ಕೇಳ್ತಾರೆ. ಇವ್ರು ಅಂತೋರಲ್ಲ ಅಂತ ಯೋಳಿ ಸಾಕು."

"ನಾಳೆ ಹೋಗ್ತೀನಿ ಕಣಮ್ಮ" ಎಂದರು ಜಯಸಿಂಹ. ಹೇಳಿ ಕಾರ್ಖಾನೆಯ ಬಸ್ಸು ಹತ್ತಿದರು.

ಅವರಿಗೆ ಏನು ಭಯವೆಂದರೆ, ಹಿಂದಿನ ವರ್ಷ ಕಾರ್ಖಾನೆಯ ಅವರ ಶಾಪಿನಲ್ಲೇ ಒಬ್ಬನ ಹೆಸರು ಪೊಲೀಸ್ ಕಾಗದದಲ್ಲಿ ಬಂದಿತೆಂದು ಸಸ್ಪೆಂಡ್ ಮಾಡಿದ್ದರು. ಅವನ ತಪ್ಪೇನೂ ಇರಲಿಲ್ಲ. ಆದರೂ ಮತ್ತೆ ಒಳಗೆ ಸೇರಿಸಿಕೊಳ್ಳಲಿಲ್ಲ. ಇದೋ ರಿವಾಲ್ವರಿನ ವಿಷಯ. ಅದಲ್ಲದೆ ಇನ್ನೊಂದು ಭಯವೂ ಇತ್ತು. ಅದನ್ನು ಅವರು ನನ್ನೆದುರು ಕೊನೆಗೆ ಹೇಳಿದರು. "ನನ್ನ ಕೆಲಸ ಕೆಟ್ಟದ್ದು ಅಂತ ನನ್ನ ಬಾಯಲ್ಲೇ ಹೇಳಬೇಕಾಗಿತ್ತಲ್ಲಮ್ಮ. ಅದು ಆಗಲಿಲ್ಲ."

ಮೂರನೆಯ ದಿನ ಸಂಜೆಯೂ ಚಿಕ್ಕಮುನಿಯಮ್ಮ ಮೆಟ್ಟಿಲ ಮೇಲಿದ್ದರು. ಮಡಿಲಲ್ಲಿ ಒಂದು ಟಿಫನ್ ಕ್ಯಾರಿಯರ್. ಠಾಣೆಯಲ್ಲಿ ಗಂಡನಿಗೆ ಕೊಡಲು ಬಿಡದೆ ವಾಪಸ್ಸು ತಂದದ್ದು. ಜಯಸಿಂಹ ಆಕೆಯ ಪಕ್ಕದಿಂದ ಸರಿದು ಹಿತ್ತಲಿಗೆ ಹೋದರು. ಗೂಡಿನಲ್ಲಿ ಸುತ್ತಿಗೆಯ ಸದ್ದಾಗಲಿಲ್ಲ. ಊರ್ಮಿಳಾ ನೋಡಲು ಹೋದರೆ ಅವರು ನೆಲದಲ್ಲಿ ಕೂತು, ಎರಡೂ ಕೈಯಲ್ಲಿ ಮರದ ರಿವಾಲ್ವರ್ ಹಿಡಿದುಕೊಂಡಿದ್ದರು. ಆಗ ಹೆಂಡತಿಗೆ ಎಲ್ಲವನ್ನೂ ಹೇಳಿದರು.

ಊರ್ಮಿಳಾ ಗೂಡಿನ ಕಂಬ ಹಿಡಿದು ನಿಂತರು.

"ಅವತ್ತು ಮುಟ್ಟಬೇಡಿ ಅಂದಿದ್ದು ನಾನಲ್ಲವಾ?"

"ಮಾರನೇ ದಿನ ಯಾರೂ ಬೇಡ ಅಂದಿರಲಿಲ್ಲ ಊರ್ಮಿಳಾ."

"ಹಾಗಾದರೆ ಎದ್ದೇಳಿ. ಆ ಹೆಂಗಸು ನಮ್ಮನೆ ಮೆಟ್ಟಿಲ ಮೇಲೆ ಕೂತಿದ್ದರೆ ನಾನು ದೇವರ ಮುಂದೆ ದೀಪ ಹೇಗೆ ಹಚ್ಚಲಿ? ನಿಮ್ಮ ಕೆಲಸ ಹೋದರೆ ಹೋಗಲಿ. ನಡೀರಿ, ನಾನೂ ಬರ್ತೀನಿ."

ಜಯಸಿಂಹ ಗೂಡಿನಲ್ಲಿದ್ದ ಎರಡು ಕಪ್ಪು ಬೆಲ್ಟುಗಳನ್ನು ಚೀಲಕ್ಕೆ ಹಾಕಿಕೊಂಡರು. ತಮ್ಮ ಹೊಲಿಗೆ ತೋರಿಸಿ ವಿವರಿಸಬಹುದು ಎಂದು ಅವರ ಎಣಿಕೆ.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದು ಬೆಲ್ಟು ತೆಗೆದುಕೊಂಡು ಅದರ ಬಕಲ್ ಕಡೆಯ ಹೊಲಿಗೆಯನ್ನು ಎಳೆದು ನೋಡಿದರು. ಕೀಳಲಿಲ್ಲ. ಆಂಜಿನಪ್ಪ ಎಂಬ ದಪ್ಪ ಕಾನ್‌ಸ್ಟೇಬಲ್‌ನನ್ನು ಕರೆದರು. ಅವನು ಒಂದು ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ, ಕಾಲು ಗೋಡೆಗೆ ಊರಿ ಎಳೆದ. ಸರಳೇ ಕಿರುಗುಟ್ಟಿತು. ಎರಡನೆಯ ಬೆಲ್ಟೂ ಅಷ್ಟೇ.

"ಸಾರ್, ಇದ್ರಾಗೆ ಎಮ್ಮೆ ಕಟ್ಬೋದು" ಎಂದ ಆಂಜಿನಪ್ಪ.

ಇನ್ಸ್‌ಪೆಕ್ಟರು ನಕ್ಕರು. "ನೋಡ್ರೀ ಸ್ವಾಮಿ, ನಿಮ್ಮ ಕೆಲಸ ಇಷ್ಟು ಗಟ್ಟಿ. ಅವನದು ಮಾತ್ರ ಕಿತ್ತುಹೋಯ್ತು ಅಂದ್ರೆ ಏನರ್ಥ? ನೀವು ಬಂದಿದ್ದು ಒಳ್ಳೇದೇ ಆಯ್ತು. ಅವನು ಹೇಳೋದು ಸುಳ್ಳು ಅಂತ ನೀವೇ ತೋರಿಸಿಕೊಟ್ರಿ."

ಹತ್ತು ವರ್ಷದ ಒಳ್ಳೆಯ ಕೆಲಸವೆಲ್ಲ ಆ ಮೇಜಿನ ಮೇಲೆ ಗೆಳೆಯನ ವಿರುದ್ಧ ಸಾಕ್ಷಿಯಾಗಿ ಬಿದ್ದಿತ್ತು. ಒಳಗಿನ ಕೋಣೆಯಿಂದ ಬೈರಪ್ಪ ಕೆಮ್ಮಿದ್ದು ಕೇಳಿಸಿತು. ಜಯಸಿಂಹ ಎದ್ದು ನಿಂತರು.

"ಸಾರ್, ಆ ಪಟ್ಟಿ ಒಂದು ಸಲ ಕೊಡಿ. ಇವೆರಡನ್ನ ತೊಳೆದಿದೀನಿ. ಅದನ್ನ ತೊಳೀಲಿಲ್ಲ. ಅದರಲ್ಲಿ ಹುಳಿ ಇನ್ನೂ ಇದೆ."

"ಹುಳಿ ಇದೆ ಅಂತ ನಾನು ಹೇಗ್ರೀ ನಂಬೋದು?"

ಪಟ್ಟಿ ಮೇಜಿನ ಮೇಲೇ ಇತ್ತು, ನಂಬರಿನ ಚೀಟಿ ಕಟ್ಟಿಕೊಂಡು. ಜಯಸಿಂಹ ಅದನ್ನು ತೆಗೆದುಕೊಂಡು ನಾಲಿಗೆಗೆ ಇಟ್ಟರು.

ಬಾಗಿಲಲ್ಲಿದ್ದ ಊರ್ಮಿಳಾ ಕಣ್ಣು ಮುಚ್ಚಿಕೊಂಡರು. ಆಂಜಿನಪ್ಪ "ಅಯ್ಯೋ ಸಾಮಿ" ಎಂದ. ಹಣೆಯಲ್ಲಿ ನಾಮ, ಕೊರಳಲ್ಲಿ ತುಳಸಿಮಣಿ, ಆ ಮನುಷ್ಯ ಆ ಚರ್ಮವನ್ನು ನಾಲಿಗೆಯಿಂದ ತೆಗೆಯಲಿಲ್ಲ. ಕೆಸರು, ಹತ್ತಾರು ಜನರ ಕೈ, ಕಬ್ಬಿಣ. ಅದರ ಹಿಂದೆ ಹುಳಿ. ಆಮೇಲೆ ತಮ್ಮ ಬೆಲ್ಟನ್ನೂ ನೆಕ್ಕಿ ನೋಡಿದರು. ಅದರಲ್ಲಿ ಎಣ್ಣೆಯ ರುಚಿ ಮಾತ್ರ.

"ನಿಮಗೆ ನೆಕ್ಕಿ ನೋಡಿ ಅಂತ ಹೇಳೋ ಹಾಗಿಲ್ಲ ಸಾರ್. ಎರಡು ಹೊಸ ಬ್ಲೇಡ್ ತರಿಸಿ. ಒಂದನ್ನ ಒದ್ದೆ ಮಾಡಿ ಈ ಪಟ್ಟೀಲಿ ಸುತ್ತಿ, ಒಂದನ್ನ ನನ್ನ ಬೆಲ್ಟಲ್ಲಿ ಸುತ್ತಿ. ನಿಮ್ಮ ಬೀರುವಲ್ಲೇ ಇಡಿ. ಬೀಗ ನಿಮ್ಮ ಹತ್ರ ಇರಲಿ. ಬೆಳಿಗ್ಗೆ ನೋಡಿ. ಹುಳಿ ಇದ್ದದ್ದು ಉಕ್ಕನ್ನ ತಿಂದಿರುತ್ತೆ. ತಿಂದಿಲ್ಲ ಅಂದ್ರೆ ನನ್ನನ್ನೂ ಅವನ ಜೊತೇಲಿ ಕೂರಿಸಿ."

ಇನ್ಸ್‌ಪೆಕ್ಟರು ಆಂಜಿನಪ್ಪನನ್ನು ಅಂಗಡಿಗೆ ಕಳಿಸಿದರು. ಜಯಸಿಂಹ ಬರೆದುಕೊಟ್ಟ ಹೇಳಿಕೆಯಲ್ಲಿ ತಮ್ಮ ಹೆಸರು, ಕಾರ್ಖಾನೆಯ ಹೆಸರು, ಟೋಕನ್ ನಂಬರು, ತೊಳೆಯದೆ ಕೊಟ್ಟೆ ಎಂಬುದು, ಯಾವ ದಿನ, ಯಾಕೆ, ಎಲ್ಲವೂ ಇತ್ತು.

ಅವತ್ತು ಮನೆಗೆ ಬಂದ ಮೇಲೆ ಅವರು ಬಾವಿಕಟ್ಟೆಯಲ್ಲಿ ಬಾಯಿ ಮುಕ್ಕಳಿಸುತ್ತಲೇ ಇದ್ದರು. ಊರ್ಮಿಳಾ ಹತ್ತಿರ ಹೋಗಿ, "ಸಾಕು ಬನ್ನಿ, ಒಳಗೆ ಬನ್ನಿ" ಎಂದರು. ಬಕೆಟ್ ತುಂಬಿಸಿರಲಿಲ್ಲ. ಸ್ನಾನವಿಲ್ಲದೆ ಅವರು ಒಳಗೆ ಹೋದದ್ದು ಅದೇ ಮೊದಲು. ಇದನ್ನು ಹೇಳುವಾಗ ಊರ್ಮಿಳಾ ಅತ್ತರು. ಸರಿಯೋ ತಪ್ಪೋ ಎಂದು ನನ್ನನ್ನು ಕೇಳಿದರು. ನಾನೇನು ಹೇಳಲಿ? ತೂಗುವವನು ಬೇರೆ ಇದ್ದಾನೆ.

ಬೆಳಿಗ್ಗೆ ಬೀರು ತೆಗೆದಾಗ ಬೆಲ್ಟಿನಲ್ಲಿದ್ದ ಬ್ಲೇಡಿನ ಮೇಲೆ ಸಾಸಿವೆಯಷ್ಟು ಎರಡು ಚುಕ್ಕೆ. ಪಟ್ಟಿಯಲ್ಲಿದ್ದದ್ದು ಎರಡೂ ಕಡೆ ಕೆಂಪಾಗಿ, ಅಂಚು ಹರಿತ ಹೋಗಿ, ಕೈಗೆ ತುಕ್ಕು ಹತ್ತುತ್ತಿತ್ತು. ಇನ್ಸ್‌ಪೆಕ್ಟರು ಅದನ್ನು ಕಾಗದದ ಮೇಲಿಟ್ಟುಕೊಂಡು ತಿರುವಿ ನೋಡಿದರು. "ಮಾರಿರುವ ಅನುಮಾನ" ಎಂದಿದ್ದ ಕಡೆ ಗೀಟು ಎಳೆದು "ದಾರಿಯಲ್ಲಿ ಬಿದ್ದುಹೋಗಿದೆ" ಎಂದು ಬರೆದರು. ಲೈಸೆನ್ಸು ಹೋಯಿತು, ಅದರ ಜೊತೆಗೆ ಕಂಪನಿಯ ಕೆಲಸವೂ. ಜೈಲು ಮಾತ್ರ ತಪ್ಪಿತು.

ಬೈರಪ್ಪನವರನ್ನು ಹೊರಗೆ ಕರೆತಂದರು. ಗೋಡೆ ಹಿಡಿದುಕೊಂಡು ಬಂದರು. ಅಂಗಾಲು ಊದಿ ಚಪ್ಪಲಿಗೆ ಕಾಲು ತೂರಲಿಲ್ಲ. ಎರಡು ಸಲ ಪ್ರಯತ್ನಿಸಿ ಬಿಟ್ಟರು. ಚಿಕ್ಕಮುನಿಯಮ್ಮ ಅವರ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು. ಜಯಸಿಂಹ ಬಗ್ಗಿ ಆ ಚಪ್ಪಲಿಗಳನ್ನು ಎತ್ತಿಕೊಂಡರು.

ಮಳೆ ಬಿಟ್ಟಿತ್ತು. ಗಾಡಿ ಮಾಡುತ್ತೇನೆಂದರೆ ಬೈರಪ್ಪ ಬೇಡವೆಂದು ತಲೆಯಾಡಿಸಿದರು. ಮುಂದೆ ಗಂಡ ಹೆಂಡತಿ, ಹತ್ತು ಹೆಜ್ಜೆ ಹಿಂದೆ ಜಯಸಿಂಹ. ನಮ್ಮ ಮನೆಯ ಮುಂದೆ ಹಾಗೇ ಹಾದುಹೋದರು. ನಾನು ಕೈಮುಗಿದೆ. ಯಾರೂ ನೋಡಲಿಲ್ಲ.

ಮೋರಿಯ ಕಟ್ಟೆಯ ಮೇಲೆ ಬೈರಪ್ಪ ಸ್ವಲ್ಪ ಹೊತ್ತು ಕೂತರಂತೆ. ಅಲ್ಲಿ ಕೇಳಿದರಂತೆ.

"ಸಾಮಿ, ದಾರ ಯಾಕೋಯ್ತು ಅಂತ ನಿಮ್ಗೆ ಯಾವತ್ತು ಗೊತ್ತಾಯ್ತು?"

ಜಯಸಿಂಹ ಸುಳ್ಳು ಹೇಳಬಹುದಿತ್ತು. "ನೀನು ಪಟ್ಟಿ ತಂದು ತೋರಿಸಿದಾಗಲೇ" ಎಂದರು.

ಬೈರಪ್ಪ ತಮ್ಮ ಪಾದಗಳನ್ನು ನೋಡಿಕೊಂಡರು. "ಮೂರ್ ದಿನ, ಸಾಮಿ" ಎಂದರು. ಹೆಂಡತಿಯ ಹೆಗಲು ಹಿಡಿದು ಎದ್ದರು.

ಮನೆಯ ಬಾಗಿಲಲ್ಲಿ ಚಿಕ್ಕಮುನಿಯಮ್ಮ ಕೈಚಾಚಿ ಚಪ್ಪಲಿ ಇಸಿದುಕೊಂಡರು. ಬೈರಪ್ಪ ಒಳಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ಕೂತರು.

"ಭಾನುವಾರ ಬರ್ತೀನಿ ಬೈರಪ್ಪ. ಇನ್ನೊಂದು ಸಲ ಹುಡುಕೋಣ" ಎಂದರು ಜಯಸಿಂಹ, ಅಂಗಳದಲ್ಲೇ ನಿಂತು.

"ನೀವು ಉಡುಕ್ಕೊಳಿ ಸಾಮಿ. ನಾ ಬರಾಕಿಲ್ಲ."

ಕಾರ್ಖಾನೆಯಲ್ಲಿ ಎರಡು ತಿಂಗಳು ಸಸ್ಪೆಂಡ್ ಮಾಡಿ ಮತ್ತೆ ಸೇರಿಸಿಕೊಂಡರು. ಬೆಲ್ಟಾಚಾರ್ರು ಎಂದು ಆಮೇಲೆ ಯಾರೂ ಕರೆಯಲಿಲ್ಲ. ಆ ಮಳೆಗಾಲ ಮುಗಿಯುವವರೆಗೂ ಪ್ರತಿ ಭಾನುವಾರ ಅವರು ಒಬ್ಬರೇ ಕೋಲು ಹಿಡಿದು ಪೀಣ್ಯದ ರಸ್ತೆಗೆ ಹೋಗುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಸಂಜೆ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬರುತ್ತಿದ್ದರು. ಬರುವಾಗ ಬೈರಪ್ಪನವರ ಮನೆಯ ಮುಂದೆ ನಿಂತು, "ಇವತ್ತೂ ಸಿಗಲಿಲ್ಲ" ಎಂದು ಹೇಳುತ್ತಿದ್ದರಂತೆ. ಬೈರಪ್ಪ ಒಳಗೆ ಬಾಗಿಲಿಗೆ ಬೆನ್ನು ಮಾಡಿಯೇ ಕೂತಿರುತ್ತಿದ್ದರಂತೆ.